ಹಾಟ್ ಯೋಗ ಮಾಡೋರು ಏನು ಕುಡೀತೀರಿ, ಏನು ತಿಂತೀರಿ? ಕ್ಲಾಸ್ ಆದ ಮೇಲೆ ವಿಪರೀತ ತಲೆನೋವು

ಮಲ್ಲಿಗೆ_ಮೊಗ್ಗು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಏರಿಯಾದಲ್ಲಿ ಹಾಟ್ ಯೋಗ ಸ್ಟುಡಿಯೋ ಶುರುವಾಗಿದೆ, ಹೋದ ತಿಂಗಳು ಸೇರಿಕೊಂಡೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಆರೂವರೆ ಬ್ಯಾಚ್, ಒಂದು ಗಂಟೆ. ರೂಮು 38ರಿಂದ 40 ಡಿಗ್ರಿ ಇರುತ್ತದೆ. ಗೋಡೆ ಮೇಲೆ ಮೀಟರ್ ಹಾಕಿದ್ದಾರೆ, ಕಣ್ಣು ಅಲ್ಲಿಗೇ ಹೋಗುತ್ತೆ. ಕ್ಲಾಸ್ ಚೆನ್ನಾಗಿದೆ, ಸೊಂಟದ ಬಿಗಿ ಎಲ್ಲ ಸಡಿಲ ಆಗಿದೆ.

ತೊಂದರೆ ಆಮೇಲೆ. ಹನ್ನೊಂದು ಗಂಟೆ ಹೊತ್ತಿಗೆ ಆಫೀಸಿನಲ್ಲಿ ತಲೆ ಸಿಡಿಯೋಕೆ ಶುರು. ರಾತ್ರಿ ಮೀನಖಂಡ ಹಿಡಿದುಕೊಂಡು ಎಚ್ಚರ ಆಗುತ್ತದೆ.

ನೀರು ಕಮ್ಮಿ ಆಗಿದೆ ಅಂತ ಮಾತ್ರ ಹೇಳಬೇಡಿ. ಕ್ಲಾಸಿಗೆ ಮುಂಚೆ ಒಂದು ಲೀಟರ್, ಬಂದ ಮೇಲೆ ಆಫೀಸ್ ತಲುಪೋದರೊಳಗೆ ಎರಡು ಲೀಟರ್ ಕುಡಿಯುತ್ತೇನೆ. ಟ್ರೇನರ್ ಕೇಳಿದರೆ "ಇನ್ನೂ ಕುಡೀರಿ ಮೇಡಂ, ಟಾಕ್ಸಿನ್ ಹೊರಗೆ ಹೋಗ್ತಿದೆ, ಅದಕ್ಕೇ ತಲೆನೋವು" ಅಂತಾರೆ. ಹಿಂದಿನ ರಾತ್ರಿ ಎಂಟಕ್ಕೆ ಎರಡು ಚಪಾತಿ, ಪಲ್ಯ. ಆಮೇಲೆ ಬೆಳಿಗ್ಗೆ ಹತ್ತರ ತನಕ ಏನೂ ಇಲ್ಲ, ಖಾಲಿ ಹೊಟ್ಟೆ ಇರಬೇಕು ಅಂದಿದ್ದಾರೆ. ಅಮ್ಮನಿಗೆ ಬಿಪಿ ಇರೋದರಿಂದ ಮನೆಯಲ್ಲಿ ಅಡುಗೆಗೆ ಉಪ್ಪು ಕಮ್ಮಿ. ನನಗೆ ಬಿಪಿ ಇಲ್ಲ. ವಯಸ್ಸು 36, ಸಸ್ಯಾಹಾರಿ. ಯಾರಾದರೂ ಅನುಭವ ಇರೋರು ಹೇಳಿ.

ರಾಯಚೂರು_ಬಿಸಿಲು

ರೊಕ್ಕಾ ಕೊಟ್ಟು ಬೆವರೋದಾ? ಮೇ ತಿಂಗಳಾಗ ನಮ್ಮೂರಿಗೆ ಬರ್ರಿ, ಮಾಳಿಗಿ ಮ್ಯಾಲ ಚಾಪಿ ಹಾಸಿ ಕೊಡ್ತೀನಿ. 42 ಡಿಗ್ರಿ, ಫೀ ಇಲ್ಲ.

ಪಥ್ಯ_ಪುರಾಣ

ಮಲ್ಲಿಗೆ ಅವರೇ, ನಾನು ಡಯಟಿಷಿಯನ್. ನಿಮ್ಮನ್ನು ನೋಡಿಲ್ಲ, ಹಾಗಾಗಿ ಇದನ್ನು ಸಾಮಾನ್ಯ ಮಾಹಿತಿ ಅಂತಲೇ ತಗೊಳ್ಳಿ.

ಮೊದಲು ಆ ಟಾಕ್ಸಿನ್ ಮಾತು ಬಿಡಿ. ಆ ಕೆಲಸಕ್ಕೆ ಲಿವರ್ ಇದೆ, ಕಿಡ್ನಿ ಇದೆ. ಬೆವರಿನಲ್ಲಿ ಹೋಗೋದು ಮುಖ್ಯವಾಗಿ ನೀರು ಮತ್ತು ಉಪ್ಪು. ಒಂದು ಲೀಟರ್ ಬೆವರಿನಲ್ಲಿ ಸರಾಸರಿ ಒಂದು ಗ್ರಾಂ ಸೋಡಿಯಂ ಹೋಗುತ್ತದೆ, ಅಂದರೆ ಸುಮಾರು ಎರಡೂವರೆ ಗ್ರಾಂ ಅಡುಗೆ ಉಪ್ಪು. ಕೆಲವರಿಗೆ ಇದರ ಅರ್ಧ, ಕೆಲವರಿಗೆ ಹೆಚ್ಚುಕಮ್ಮಿ ಎರಡರಷ್ಟು. ಒಂದು ದಿನ ಕಪ್ಪು ಟೀಶರ್ಟ್ ಹಾಕಿಕೊಂಡು ಹೋಗಿ. ಒಣಗಿದ ಮೇಲೆ ಬೆನ್ನು, ಕಂಕುಳ ಹತ್ತಿರ ಬಿಳಿ ಗೆರೆ ಎದ್ದು ಕಂಡರೆ ನೀವು ಉಪ್ಪು ಜಾಸ್ತಿ ಕಳೆದುಕೊಳ್ಳುವ ಪೈಕಿ.

ಈಗ ನಿಮ್ಮ ಲೆಕ್ಕ ನೋಡಿ. ಹೋಗಿದ್ದು ನೀರು ಮತ್ತು ಉಪ್ಪು. ನೀವು ತುಂಬಿಸಿದ್ದು ಬರೀ ನೀರು, ಅದೂ ಮೂರು ಲೀಟರ್, ಅದೂ ಹೊಟ್ಟೆಗೆ ಏನೂ ಹಾಕದೆ. ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಬರೀ ನೀರು ಸುರಿದುಕೊಂಡರೆ ಅದು ತೆಳುವಾಗುತ್ತಾ ಹೋಗುತ್ತದೆ. ತಲೆನೋವು, ವಾಕರಿಕೆ ಅದರ ಮೊದಲ ಲಕ್ಷಣ. ತುಂಬಾ ಇಳಿದರೆ ಗೊಂದಲ, ಫಿಟ್ಸ್ ತನಕ ಹೋಗುತ್ತದೆ. ಮ್ಯಾರಥಾನ್ ಓಡುವವರಲ್ಲಿ ಇದರಿಂದ ಜೀವ ಹೋದದ್ದೂ ಇದೆ. ನಿಮಗೆ ಹಾಗಾಗಿದೆ ಅಂತ ಹೇಳುತ್ತಿಲ್ಲ. ಆದರೆ ತಲೆನೋವು ಬಂದಾಗಲೆಲ್ಲ ಇನ್ನಷ್ಟು ನೀರು ಕುಡಿಯಿರಿ ಅನ್ನೋದು ಒಳ್ಳೆ ಸಲಹೆ ಅಲ್ಲ.

ಎಷ್ಟು ಕುಡಿಯಬೇಕು ಅಂತ ತಿಳಿಯೋಕೆ ತೂಕದ ಯಂತ್ರ ಸಾಕು. ಕ್ಲಾಸಿಗೆ ಮುಂಚೆ ಬಾತ್‌ರೂಮಿಗೆ ಹೋಗಿ ಬಂದು ತೂಕ ನೋಡಿ. ಮುಗಿದ ಮೇಲೆ ಒದ್ದೆ ಬಟ್ಟೆ ಬದಲಿಸಿ, ಮೈ, ತಲೆ ಚೆನ್ನಾಗಿ ಒರೆಸಿಕೊಂಡು ಮತ್ತೆ ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಬೆವರು. ಮಧ್ಯೆ ಕುಡಿದದ್ದನ್ನೂ ಕೂಡಿಸಿ. ಇಳಿದದ್ದರ ಒಂದೂಕಾಲರಿಂದ ಒಂದೂವರೆ ಪಟ್ಟು, ಮುಂದಿನ ಮೂರು ನಾಲ್ಕು ಗಂಟೆಯಲ್ಲಿ ಸ್ವಲ್ಪ ಸ್ವಲ್ಪ ಕುಡಿಯಿರಿ. ಜೊತೆಗೆ ಉಪ್ಪಿರೋ ತಿಂಡಿ ಇರಲಿ. ಕ್ಲಾಸ್ ಮುಗಿಸಿ ಬಂದಾಗ ತೂಕ ಜಾಸ್ತಿ ಆಗಿದ್ದರೆ ಅವತ್ತು ಅತಿಯಾಗಿ ಕುಡಿದಿದ್ದೀರಿ ಅಂತಲೇ ಅರ್ಥ.

ಕ್ಲಾಸಿಗೆ ಮುಂಚೆ ಎಷ್ಟು? ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನವರ ಪ್ರಕಾರ ನಾಲ್ಕು ಗಂಟೆ ಮುಂಚೆ, ಮೈತೂಕದ ಪ್ರತಿ ಕಿಲೋಗೆ 5ರಿಂದ 7 ಮಿಲಿ. ಆರೂವರೆ ಕ್ಲಾಸಿಗೆ ರಾತ್ರಿ ಎರಡೂವರೆಗೆ ಎದ್ದು ಯಾರು ಕುಡೀತಾರೆ! ರಾತ್ರಿ ಊಟದ ಜೊತೆ ಸರಿಯಾಗಿ ಕುಡಿದಿರಿ, ಎದ್ದ ಮೇಲೆ ಒಂದು ಲೋಟ ಸಾಕು.

ಬನಶಂಕರಿ_ಬಾಬು

ಉಪ್ಪು ತಿನ್ನಿ ಅಂತೀರಲ್ಲ ಮೇಡಂ, ಅತ್ತ ಡಾಕ್ಟರ್‌ಗಳು ಉಪ್ಪು ಕಮ್ಮಿ ಮಾಡಿ ಅಂತ ಬಡ್ಕೋತಾರೆ. ಯಾರ ಮಾತು ಕೇಳೋದು?

ಪಥ್ಯ_ಪುರಾಣ

ಬಾಬು ಅವರೇ, ಎರಡೂ ನಿಜ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ 5 ಗ್ರಾಂಗಿಂತ ಕಮ್ಮಿ. ನಮ್ಮಲ್ಲಿ ಬಹುತೇಕರು ಉಪ್ಪಿನಕಾಯಿ, ಹಪ್ಪಳ, ಚಿಪ್ಸು, ಹೋಟೆಲ್ ಸಾಂಬಾರು ಎಲ್ಲ ಸೇರಿ ಅದಕ್ಕಿಂತ ಜಾಸ್ತಿನೇ ತಿಂತೀವಿ. ಅಂಥವರು ಹಾಟ್ ಯೋಗಕ್ಕೆ ಹೋದರೂ ಬೇರೆ ಉಪ್ಪು ಬೇಕಿಲ್ಲ, ಬೆಳಗಿನ ತಿಂಡಿಯಲ್ಲೇ ತುಂಬಿಕೊಳ್ಳುತ್ತದೆ. ಮಲ್ಲಿಗೆ ಅವರ ಮನೆಯಲ್ಲಿ ಅಡುಗೆಗೇ ಕಮ್ಮಿ, ಮೇಲೆ ಬೆವರು, ಮೇಲೆ ಮೂರು ಲೀಟರ್ ನೀರು. ಹೇಳಿದ್ದು ಅವರಿಗೆ, ಅದೂ ಕ್ಲಾಸ್ ಇರೋ ದಿನಕ್ಕೆ.

ಸುಬ್ಬಣ್ಣ_ಮಾವ (ಕೋಲಾರ)

ನಮ್ಮ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರು ಗಂಟೆಗಟ್ಟಲೆ ಬಿಸಿಲಲ್ಲಿ ಇದ್ದು ಬಂದವರು ಆಸನ ಮಾಡಬಾರದು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಈಗಿನವರು ಕೋಣೆಯನ್ನೇ ಬಿಸಿಲು ಮಾಡಿಕೊಂಡು ಒಳಗೆ ಹೋಗುತ್ತಾರೆ. ಬೆಳಿಗ್ಗೆ ತಂಪಾದ ಗಾಳಿ ಬರುವ ಜಾಗದಲ್ಲಿ ಮಾಡಿದರೆ ಈ ಉಪ್ಪು, ನೀರು, ತೂಕ ಯಾವ ರಗಳೆಯೂ ಇರುವುದಿಲ್ಲ ತಾಯಿ.

ಇನ್ನೊಂದು. ಹಳೆಯ ಯೋಗ ಗ್ರಂಥ ಹಠಯೋಗ ಪ್ರದೀಪಿಕೆಯಲ್ಲಿ ಪ್ರಾಣಾಯಾಮದ ಶ್ರಮದಿಂದ ಬಂದ ಬೆವರನ್ನು ಮೈಗೇ ತಿಕ್ಕಿಕೊಳ್ಳಬೇಕು ಅಂತ ಇದೆ. ಹರಿಸಿ ನೆಲ ಒದ್ದೆ ಮಾಡಿ ಅಂತ ಇಲ್ಲ.

ಜರ್ಸಿ_ಚಳಿ (ಎಡಿಸನ್, ಅಮೆರಿಕ)

ಮಾವ, ತಿಕ್ಕಿಕೊಂಡರೆ ಪಕ್ಕದ ಮ್ಯಾಟಿನವರು ಎದ್ದು ಹೋಗ್ತಾರೆ 😄

ಈ ಹಾಟ್ ಯೋಗ ಹುಟ್ಟಿದ ಕಥೆ ಗೊತ್ತಿಲ್ಲದವರಿಗೆ: ಇದನ್ನು ಜನಪ್ರಿಯ ಮಾಡಿದ್ದು ಕೊಲ್ಕತ್ತಾದ ಬಿಕ್ರಮ್ ಚೌಧರಿ, 1970ರ ದಶಕದಲ್ಲಿ ಅಮೆರಿಕದಲ್ಲಿ. 26 ಆಸನ, ಎರಡು ಉಸಿರಾಟದ ಅಭ್ಯಾಸ, 90 ನಿಮಿಷ, 40 ಡಿಗ್ರಿ ದಾಟಿದ ಬಿಸಿ, 40 ಪರ್ಸೆಂಟ್ ತೇವಾಂಶ. ಆ ಕ್ರಮ ತನ್ನದೇ ಕಾಪಿರೈಟ್ ಅಂತ ಕೋರ್ಟಿಗೆ ಹೋಗಿದ್ದ, 2015ರಲ್ಲಿ ಆಸನಗಳ ಕ್ರಮಕ್ಕೆ ಕಾಪಿರೈಟ್ ಇಲ್ಲ ಅಂತ ತೀರ್ಪು ಬಂತು. ಅಷ್ಟರಲ್ಲಾಗಲೇ ಲೈಂಗಿಕ ಕಿರುಕುಳದ ಕೇಸುಗಳೂ ಬಿದ್ದಿದ್ದವು. 2016ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಅವನ ವಿರುದ್ಧ ದೊಡ್ಡ ಮೊತ್ತದ ಪರಿಹಾರದ ತೀರ್ಪು ಬಂದ ಮೇಲೆ ದೇಶ ಬಿಟ್ಟ. ಎಷ್ಟೋ ಸ್ಟುಡಿಯೋಗಳು ಬೋರ್ಡಿನಿಂದ ಆ ಹೆಸರು ತೆಗೆದು ಬರೀ ಹಾಟ್ ಯೋಗ ಅಂತ ಹಾಕಿಕೊಂಡವು.

ಆ ಹಳೇ ಕ್ರಮದಲ್ಲಿ ಗರುಡಾಸನ ಮುಗಿಯೋ ತನಕ ನೀರು ಮುಟ್ಟೋ ಹಾಗಿಲ್ಲ. ಅದಾದ ಮೇಲೆ ಸಿಗೋ ಮೊದಲ ನೀರಿನ ಬಿಡುವಿಗೆ ಪಾರ್ಟಿ ಟೈಮ್ ಅಂತಾನೇ ಹೆಸರು. ಈಗಲೂ ಕೆಲವು ಕಡೆ ಟೀಚರ್‌ಗಳು ನೀರು ಕುಡಿದರೆ ಗುರಾಯಿಸುತ್ತಾರೆ. ನಾನಂತೂ ಗುರಾಯಿಸಿದರೂ ಕುಡೀತೀನಿ. ಎರಡು ಗುಟುಕು, ಸದ್ದಿಲ್ಲದೆ.

ಇಲ್ಲಿ ಜನವರಿಯಲ್ಲಿ ಇನ್ನೊಂದು ಪಜೀತಿ. ಹೊರಗೆ ಮೈನಸ್, ಮನೆಯಲ್ಲಿ ದಿನವಿಡೀ ಹೀಟರಿನ ಒಣ ಗಾಳಿ. ಬಾಯಾರಿಕೆಯೇ ಆಗಲ್ಲ. ಸಂಜೆ ಕ್ಲಾಸಿಗೆ ಹೋಗೋ ಹೊತ್ತಿಗೆ ಮೂತ್ರ ಗಾಢ ಹಳದಿ. ಈಗ ಮಧ್ಯಾಹ್ನ ಊಟಕ್ಕೆ ತಪ್ಪದೆ ಬಿಸಿ ಸಾರು ಕುಡೀತೀನಿ, ಲೋಟದಲ್ಲಿ, ಅನ್ನ ಇಲ್ಲದೆ. ನೀರೂ ಆಯ್ತು, ಉಪ್ಪೂ ಆಯ್ತು.

ಮಲ್ಲಿಗೆ_ಮೊಗ್ಗು

ಸಾರು ಕುಡಿಯೋದು ಒಳ್ಳೆ ಐಡಿಯಾ. ಆದರೆ ಮೂತ್ರದ ಬಣ್ಣ ನನಗೆ ಯಾವಾಗಲೂ ಗಾಢ ಹಳದಿನೇ, ಎಷ್ಟು ಕುಡಿದರೂ. ಅದನ್ನು ನೋಡಿಯೇ ಇಷ್ಟು ಕುಡಿಯೋಕೆ ಶುರು ಮಾಡಿದ್ದು.

ಸ್ಟೆತಸ್ಕೋಪ್_ಹುಬ್ಬಳ್ಳಿ

ಬಿ ಕಾಂಪ್ಲೆಕ್ಸ್ ಗುಳಿಗಿ ತಗೋತೀರೇನ್ರಿ?

ಮಲ್ಲಿಗೆ_ಮೊಗ್ಗು

ಹೌದು ಡಾಕ್ಟ್ರೇ, ದಿನಾ ಒಂದು. ಕೂದಲು ಉದುರುತ್ತೆ ಅಂತ.

ಸ್ಟೆತಸ್ಕೋಪ್_ಹುಬ್ಬಳ್ಳಿ

ಹಂಗಾದ್ರ ಆ ಬಣ್ಣ ನಂಬಬ್ಯಾಡ್ರಿ. ಆ ಗುಳಿಗ್ಯಾಗಿನ ರೈಬೋಫ್ಲೇವಿನ್ ಅನ್ನೋ ವಿಟಮಿನ್ ಮೂತ್ರಾನ ಹೊಳಿಯೋ ಹಳದಿ ಮಾಡ್ತದ. ನೀರಿನ ಲೆಕ್ಕ ತೂಕದ ಮ್ಯಾಲೆ ನೋಡ್ರಿ.

ಇಲ್ಲಿ ಓದುವ ಉಳಿದವರಿಗೂ ಒಂದು ಮಾತು. ಬಿಪಿಗೆ ನೀರಿಳಿಸೋ ಗುಳಿಗೆ ತಗೊಳ್ಳುವವರು, ಶುಗರಿಗೆ ಡಾಪಾಗ್ಲಿಫ್ಲೋಜಿನ್ ಥರದ ಗುಳಿಗೆ ತಗೊಳ್ಳುವವರು, ಮಾನಸಿಕ ಕಾಯಿಲೆಗೆ ಲಿಥಿಯಂ ತಗೊಳ್ಳುವವರು ತಮ್ಮ ಡಾಕ್ಟರನ್ನು ಕೇಳದೆ ಈ ಕ್ಲಾಸಿಗೆ ಕಾಲಿಡಬಾರದು. ಮೊದಲಿನ ಎರಡು ಮೂತ್ರದ ಮೂಲಕ ನೀರು ತೆಗೀತಾವೆ, ಅದರ ಮೇಲೆ ಬೆವರು ಸೇರಿದರೆ ಬಿಪಿ ಕುಸಿದು ಬೀಳ್ತೀರಿ. ಲಿಥಿಯಂ ಇದ್ದವರಿಗೆ ನೀರು, ಉಪ್ಪು ಕಮ್ಮಿಯಾದರೆ ಅದರ ಮಟ್ಟ ರಕ್ತದಲ್ಲಿ ಏರುತ್ತದೆ. ಇನ್ಸುಲಿನ್ ತಗೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಹೋದರೆ ಶುಗರ್ ಇಳಿಯುತ್ತದೆ. ಬೆವರು, ನಡುಕ, ತಲೆಸುತ್ತು ಎಲ್ಲ ಬಿಸಿಯಿಂದ ಅಂದುಕೊಂಡು ಸುಮ್ನೆ ಕೂತರೆ ಕಷ್ಟ. ಬಸುರಿಯರಿಗೆ ಹಾಟ್ ಯೋಗ ಬೇಡವೇ ಬೇಡ.

ಒಳಗೆ ಯಾರಾದರೂ ಸಂಬಂಧವಿಲ್ಲದ ಮಾತಾಡಿದರೆ, ತೊದಲಿದರೆ, ನಡೆಯುವಾಗ ವಾಲಿದರೆ ಶವಾಸನ ಹಾಕಿಸಿ ಕಾಯಬೇಡಿ. ಹೊರಗೆ ಎಳೆದು ತಂದು ಮೈಮೇಲೆ ತಣ್ಣೀರು ಹಾಕಿ, ಗಾಳಿ ಬೀಸಿ, ಆಂಬುಲೆನ್ಸ್ ಕರೆಯಿರಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಗೋಕುಲಂ_ಗಿರಿ (ಮೈಸೂರು)

ಇಷ್ಟೆಲ್ಲ ಯಾಕೆ, ಎಳನೀರು ಕುಡೀರಿ ಅಂದ್ರೆ ಮುಗೀತು. ನಮ್ಮ ಗೋಕುಲಂನಲ್ಲಿ ಅಷ್ಟಾಂಗ ಯೋಗ ಕಲಿಯೋಕೆ ಪ್ರಪಂಚದ ಎಲ್ಲ ಕಡೆಯಿಂದ ಜನ ಬರ್ತಾರೆ. ಅಲ್ಲಿ ಹೀಟರ್ ಇಲ್ಲ. ಕಿಟಕಿ ಮುಚ್ಚಿ, ಇಷ್ಟು ಜನ ಒಟ್ಟಿಗೆ ಉಸಿರಾಡಿದರೆ ರೂಮೇ ಕಾದುಹೋಗುತ್ತೆ, ಗಾಜಿನ ಮೇಲೆ ಹಬೆ ಕೂರುತ್ತೆ. ಮುಗಿಸಿ ಬಂದವರು ಸೀದಾ ಎಳನೀರಿನ ಗಾಡಿ ಮುಂದೆ ನಿಲ್ತಾರೆ. ಗಂಜಿ ಕಾಯಿ ಬೇಕು, ನೀರು ಕಾಯಿ ಬೇಕು ಅಂತ ಕನ್ನಡದಲ್ಲೇ ಕೇಳೋರೂ ಇದ್ದಾರೆ. ಇಲ್ಲಿ ಅಷ್ಟಾಂಗ ಕಲಿಸಿದ ಗುರು ಪಟ್ಟಾಭಿ ಜೋಯಿಸರ ಕಾಲದಿಂದ ಹುಣ್ಣಿಮೆ, ಅಮಾವಾಸ್ಯೆಗೆ ರಜೆ, ವಾರಕ್ಕೊಂದು ರಜೆ. ಮೈಗೆ ಬಿಡುವು ಕೊಡಬೇಕು ಅನ್ನೋದು ಅವರಿಗೆ ಗೊತ್ತಿತ್ತು.

ಪಥ್ಯ_ಪುರಾಣ

ಗಿರಿ ಅವರೇ, ಎಳನೀರು ಒಳ್ಳೇದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಮ್ಮಿ. ಬೆವರಿನಲ್ಲಿ ಹೋಗೋದು ಇದಕ್ಕೆ ತಿರುಗಾಮುರುಗಾ. ಎಳನೀರಿನ ಜೊತೆ ಒಂದು ಪ್ಲೇಟ್ ಇಡ್ಲಿ ಸಾಂಬಾರ್ ತಿಂದರೆ ಸರಿಹೋಗುತ್ತದೆ. ಬರೀ ಎಳನೀರಿಗೆ ಮುಗಿಸಿದರೆ ಉಪ್ಪಿನ ಲೆಕ್ಕ ಬಾಕಿ ಉಳಿಯುತ್ತದೆ.

ಗೋಕುಲಂ_ಗಿರಿ

ಇಡ್ಲಿ ತಿನ್ನಬೇಡಿ ಅಂತ ನಾನೆಲ್ಲಿ ಹೇಳಿದೆ? ಮೈಸೂರಿನಲ್ಲಿ ಯಾರೂ ಬರೀ ಎಳನೀರಿಗೆ ನಿಲ್ಲಿಸಲ್ಲ.

ಸ್ಟೆತಸ್ಕೋಪ್_ಹುಬ್ಬಳ್ಳಿ

ಕಿಡ್ನಿ ತೊಂದರೆ ಇರುವವರು, ಬಿಪಿಗೆ ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ತಗೊಳ್ಳುವವರು ಎಳನೀರಿನ ಮೇಲೆ ಎಳನೀರು ಇಳಿಸಬ್ಯಾಡ್ರಿ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ತಪ್ಪುತ್ತದೆ.

ಬನಶಂಕರಿ_ಬಾಬು

ಎಳನೀರು 70 ರೂಪಾಯಿ ಆಗಿದೆ ಸ್ವಾಮಿ. ಹೃದಯದ ಬಡಿತ ರೇಟ್ ಕೇಳಿದಾಗಲೇ ತಪ್ಪುತ್ತೆ.

ಫಿಟ್_ಪ್ರಸಾದ್

ಯಾರೂ ಓಆರ್‌ಎಸ್ ಬಗ್ಗೆ ಹೇಳ್ತಿಲ್ಲ ಯಾಕೆ? ನಾನು ಮೆಡಿಕಲ್ ಶಾಪಿಂದ ಟೆಟ್ರಾ ಪ್ಯಾಕ್ ತರ್ತೀನಿ, ಆರೆಂಜ್ ಫ್ಲೇವರ್, ಮಸ್ತಾಗಿರುತ್ತೆ. ಮತ್ತೆ ಒಂದು ಕ್ಲಾಸಿಗೆ ಸಾವಿರ ಕ್ಯಾಲೊರಿ ಹೋಗುತ್ತೆ, ಅದಕ್ಕೆ ಆಮೇಲೆ ಪ್ರೋಟೀನ್ ಶೇಕ್, ಎರಡು ಮಸಾಲೆ ದೋಸೆ. ಏನೂ ತೊಂದರೆ ಇಲ್ಲ.

ಪಥ್ಯ_ಪುರಾಣ

ಪ್ರಸಾದ್, ಮಸ್ತಾಗಿದ್ದರೆ ಅದು ಓಆರ್‌ಎಸ್ ಅಲ್ಲ 🙂 ಅಸಲಿ ಓಆರ್‌ಎಸ್ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಕಣ್ಣೀರಿನ ಹಾಗೆ ಉಪ್ಪುಪ್ಪಾಗಿರುತ್ತದೆ. ಟೆಟ್ರಾ ಪ್ಯಾಕಿನಲ್ಲಿ ಬರುತ್ತಿದ್ದ ಎಷ್ಟೋ ಜ್ಯೂಸುಗಳಲ್ಲಿ ಸಕ್ಕರೆ ಇದರ ಎಷ್ಟೋ ಪಟ್ಟು. 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ, ಈ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಓಆರ್‌ಎಸ್ ಅಂತ ಬರೆಯೋ ಹಾಗಿಲ್ಲ ಅಂತ ಆದೇಶ ಮಾಡಿದೆ. ಪ್ಯಾಕೆಟ್ ತಿರುಗಿಸಿ ನೋಡಿ. ಪುಡಿ ತಂದರೆ ಕವರಿನ ಮೇಲೆ ಹೇಳಿದಷ್ಟೇ ನೀರಿಗೆ ಕಲಸಿ, ಅರ್ಧ ಲೋಟಕ್ಕೆ ಪೂರ್ತಿ ಸುರಿಯಬೇಡಿ.

ಮನೆಯಲ್ಲೇ ಮಾಡೋದಾದರೆ ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚ, ಮಟ್ಟಸವಾಗಿ. ಆದರೆ ಒಂದು ಗಂಟೆ ಕ್ಲಾಸಿಗೆ ಇದೂ ಬೇಕಾಗಲ್ಲ ಬಹಳ ಜನಕ್ಕೆ. ನೀರುಮಜ್ಜಿಗೆ ಇದೆಯಲ್ಲ! ಒಂದು ಬಟ್ಟಲು ಮೊಸರಿಗೆ ಮೂರು ಬಟ್ಟಲು ನೀರು, ಕಾಲು ಚಮಚಕ್ಕಿಂತ ತುಸು ಜಾಸ್ತಿ ಉಪ್ಪು, ಜಜ್ಜಿದ ಶುಂಠಿ, ಕೈಯಲ್ಲಿ ಹಿಸುಕಿದ ಕರಿಬೇವು. ಹಸಿಮೆಣಸು ಬೇಡ, ಖಾಲಿ ಹೊಟ್ಟೆಗೆ ಉರಿಯುತ್ತೆ.

ಸಾವಿರ ಕ್ಯಾಲೊರಿ ಕಥೆಗೆ ಯಾರಾದರೂ ಉತ್ತರ ಕೊಡಿ, ನನಗೆ ಒಲೆ ಮೇಲೆ ಹಾಲಿದೆ.

ಜರ್ಸಿ_ಚಳಿ

ನಾನು ಕೊಡ್ತೀನಿ. ಕೊಲರಾಡೋ ಸ್ಟೇಟ್ ಯೂನಿವರ್ಸಿಟಿಯವರು ಅಳೆದಿದ್ದಾರೆ. ಪೂರ್ತಿ 90 ನಿಮಿಷದ ಬಿಕ್ರಮ್ ಕ್ಲಾಸಿಗೆ ಗಂಡಸರಿಗೆ ಸರಾಸರಿ 460 ಕ್ಯಾಲೊರಿ, ಹೆಂಗಸರಿಗೆ 330. ಚುರುಕಾಗಿ ನಡೆದಷ್ಟೇ. ಕ್ಲಾಸ್ ಆದ ಮೇಲೆ ತೂಕ ಒಂದು ಕಿಲೋ ಇಳಿಯೋದು ನೀರು, ಕೊಬ್ಬಲ್ಲ. ಎರಡು ಮಸಾಲೆ ದೋಸೆಗೆ ಲೆಕ್ಕ ಪ್ರಸಾದ್ ಅವರೇ ಮಾಡಿಕೊಳ್ಳಲಿ.

ಬಿಸಿಯಿಂದಲೇ ವಿಶೇಷ ಲಾಭ ಅನ್ನೋ ಮಾತಿಗೂ ಉತ್ತರವಾಗಿ ಟೆಕ್ಸಸ್‌ನವರ 2018ರ ಅಧ್ಯಯನ ಇದೆ. ಅದೇ ಬಿಕ್ರಮ್ ಆಸನಗಳನ್ನು 12 ವಾರ ಒಂದು ಗುಂಪು ಬಿಸಿ ರೂಮಿನಲ್ಲಿ, ಇನ್ನೊಂದು ಗುಂಪು ಮಾಮೂಲಿ ರೂಮಿನಲ್ಲಿ ಮಾಡಿತು. ರಕ್ತನಾಳ ಹಿಗ್ಗುವ ಶಕ್ತಿ ಎರಡೂ ಗುಂಪಿಗೆ ಸುಧಾರಿಸಿತು.

ಸುಬ್ಬಣ್ಣ_ಮಾವ

ಅದನ್ನೇ ನಾನು ಹೇಳಿದ್ದು.

ಫಿಟ್_ಪ್ರಸಾದ್

ಅಯ್ಯೋ ಮಾವ, ನೀವು ಹೇಳಿದ್ದು ಬೇರೆ. ಬಿಸಿಯಲ್ಲಿ ಮೈ ಬಾಗೋ ಮಜಾನೇ ಬೇರೆ. ಎಷ್ಟು ಬೆವರು ಬರುತ್ತೋ ಅಷ್ಟು ಕೆಲಸ ಆಯ್ತು ಅಂತ ಅಲ್ವಾ?

ರಾಯಚೂರು_ಬಿಸಿಲು

ಅಲ್ಲ. ಬೆವರು ಆರಿದಾಗ ಮೈ ತಂಪಾಗ್ತದ. ನೆಲಕ್ಕ ತೊಟ್ಟಿಕ್ಕಿದ ಬೆವರು ಸುಮ್ನೆ ಹೋದಂಗ, ತಂಪೂ ಇಲ್ಲ ಏನೂ ಇಲ್ಲ. ನಮ್ಮ ಕಡೆ ಒಣ ಬಿಸಿಲಾಗ ಬೆವರು ಕಾಣೋದೇ ಇಲ್ಲ, ಹಂಗ ಆರಿ ಹೋಗ್ತದ. ಮಂಗಳೂರಾಗ 33 ಡಿಗ್ರಿಗೇ ಅಂಗಿ ಒದ್ದಿ. ರೂಮ್ನಾಗ ತೇವಾಂಶ ಏರಿಸಿದರ ತೊಟ್ಟಿಕ್ಕೋದು ಜಾಸ್ತಿ, ಮೈ ಒಳಗ ಕಾಯೋದೂ ಜಾಸ್ತಿ. ಇದಕ್ಕ ಡಾಕ್ಟರ್ ಬೇಕಾಗಿಲ್ಲ, ರಾಯಚೂರಿನಾಗ ಹುಟ್ಟಿದರ ಸಾಕು.

ಕುಡ್ಲದ_ಗಂಜಿ

ಮಂಗಳೂರಿನ ಹೆಸರು ತೆಗೆದದ್ದಕ್ಕೆ ಬಂದೆ ಮಾರಾಯ್ರೆ. ನಮ್ಮಲ್ಲಿ ಕೃಷಿ ಕೆಲಸದವರು ಬೆಳಿಗ್ಗೆ ಏನು ಉಣ್ಣುತ್ತಾರೆ ನೋಡಿ. ಕುಚ್ಚಲಕ್ಕಿ ಗಂಜಿ, ತಿಳಿ ಸಮೇತ, ಒಂದು ಚಿಟಿಕೆ ಉಪ್ಪು, ಮಿಡಿ ಉಪ್ಪಿನಕಾಯಿ. ನೀರು, ಉಪ್ಪು, ಪಿಷ್ಟ ಮೂರೂ ಒಂದೇ ಬಟ್ಟಲಲ್ಲಿ. ನಾನು ಬಿಸಿ ಯೋಗ ಮಾಡುವುದಿಲ್ಲ, ಆದರೆ ಮಾರ್ಚಿನಲ್ಲಿ ಬಾಡ್ಮಿಂಟನ್ ಆಡಿ ಬಂದು ಗಂಜಿಯೇ ಉಣ್ಣುವುದು. ಹೊಟ್ಟೆ ಭಾರ ಆಗುವುದಿಲ್ಲ, ಹನ್ನೆರಡರ ತನಕ ಹಸಿವೂ ಇಲ್ಲ.

ಬನಶಂಕರಿ_ಬಾಬು

ನಮ್ಮ ಕಡೆ ರಾಗಿ ಅಂಬಲಿ ಇದೆ, ಮಜ್ಜಿಗೆ ಹಾಕಿ. ಗಂಜಿಗಿಂತ ಒಂದು ಕೈ ಮೇಲೆ.

ಕುಡ್ಲದ_ಗಂಜಿ

ಅಂಬಲಿ ಒಳ್ಳೆಯದೇ. "ಒಂದು ಕೈ ಮೇಲೆ" ಎಂದದ್ದು ಮಾತ್ರ ಒಪ್ಪುವುದಿಲ್ಲ.

ವೀಣಾ_ಸಾಗರ

ಮಲ್ಲಿಗೆ, ಒಂದು ಕೇಳ್ತೀನಿ. ನೀವು ಕಾಫಿ ಕುಡಿಯೋದಿಲ್ವಾ? ನಿಮ್ಮ ಪೋಸ್ಟಲ್ಲಿ ನೀರು, ಚಪಾತಿ ಎಲ್ಲ ಇದೆ, ಕಾಫಿ ಸುದ್ದಿನೇ ಇಲ್ಲ.

ಮಲ್ಲಿಗೆ_ಮೊಗ್ಗು

ಕುಡೀತೀನಿ ವೀಣಕ್ಕ. ಬೆಳಿಗ್ಗೆ ಎದ್ದ ತಕ್ಷಣ ಒಂದು, ಸಂಜೆ ಐದಕ್ಕೆ ಒಂದು, ಸ್ಟ್ರಾಂಗ್ ಫಿಲ್ಟರ್ ಕಾಫಿ. ಕ್ಲಾಸ್ ಇರೋ ದಿನ ಬೆಳಗಿನದು ಇಲ್ಲ, ಕಾಫಿಯಿಂದ ನೀರಿನಂಶ ಹೋಗುತ್ತೆ ಅಂತ ಟ್ರೇನರ್ ಬೇಡ ಅಂದಿದ್ದಾರೆ.

ವೀಣಾ_ಸಾಗರ

ಹಿಡಿದೆ ನೋಡಿ! ಹಿಂದಿನ ಸಂಜೆ ಐದಕ್ಕೆ ಕೊನೇ ಕಾಫಿ. ಮರುದಿನ ಹನ್ನೊಂದಕ್ಕೆ ಹದಿನೆಂಟು ಗಂಟೆ ಆಯ್ತು. ದಿನಾ ಕುಡಿಯೋರಿಗೆ ಕಾಫಿ ತಪ್ಪಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತೆ. ಮಂಗಳವಾರ, ಗುರುವಾರ ನಿಮಗೆ ತಲೆನೋವು ಬರುತ್ತಾ?

ಮಲ್ಲಿಗೆ_ಮೊಗ್ಗು

ಇಲ್ಲ... ಅವತ್ತು ಬೆಳಿಗ್ಗೆ ಕಾಫಿ ಇರುತ್ತೆ. ಕ್ಲಾಸ್ ಇರಲ್ಲ ಅಂತ ಬರಲ್ಲ ಅಂದುಕೊಂಡಿದ್ದೆ.

ಪಥ್ಯ_ಪುರಾಣ

ಚೆನ್ನಾಗಿ ಹಿಡಿದಿರಿ ವೀಣಾ ಅವರೇ. ಆದರೂ ಮೂರು ಲೀಟರ್ ನೀರಿನ ವಿಷಯ ನಾನು ಬಿಡೋದಿಲ್ಲ, ಎರಡೂ ಕಾರಣ ಇರಬಹುದು. ಕಾಫಿ ನೀರು ಕಳೆಯುತ್ತೆ ಅನ್ನೋದು ಅಭ್ಯಾಸ ಇರೋರಿಗೆ ಅಷ್ಟಾಗಿ ಅನ್ವಯಿಸಲ್ಲ. 2014ರಲ್ಲಿ ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಯವರು ದಿನಾ ಕಾಫಿ ಕುಡಿಯೋ ಗಂಡಸರಿಗೆ ದಿನಕ್ಕೆ ನಾಲ್ಕು ಲೋಟ ಕಾಫಿ ಕೊಟ್ಟು, ಆಮೇಲೆ ಅಷ್ಟೇ ನೀರು ಕೊಟ್ಟು ನೋಡಿದರು. ಮೈಯಲ್ಲಿನ ನೀರಿನ ಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ.

ಸುಬ್ಬಣ್ಣ_ಮಾವ

ಖಾಲಿ ಹೊಟ್ಟೆ ಕಷ್ಟ ಅನ್ನಿಸಿದರೆ ಆಸನಕ್ಕೆ ಮುಂಚೆ ಒಂದು ಲೋಟ ಟೀ, ಕಾಫಿ, ಕೋಕೋ ಇಲ್ಲವೇ ಹಾಲು ತೆಗೆದುಕೊಳ್ಳಬಹುದು ಅಂತ ಅಯ್ಯಂಗಾರರೇ ಹೇಳಿದ್ದಾರೆ. ಭಾರಿ ಊಟ ಆದರೆ ನಾಲ್ಕು ಗಂಟೆ ಬಿಡಬೇಕು. ಮುಗಿದ ಮೇಲೆ ಅರ್ಧ ಗಂಟೆಗೆ ಊಟ ಮಾಡಬಹುದು. ಹತ್ತು ಗಂಟೆ ತನಕ ಉಪವಾಸ ಕೂರಿ ಅಂತ ಯಾವ ಗುರುಗಳೂ ಹೇಳಿಲ್ಲ.

ಫಿಟ್_ಪ್ರಸಾದ್

ಕಾಲು ಸೆಳೆತಕ್ಕೆ ಮೆಗ್ನೀಸಿಯಂ ಮಾತ್ರೆ ತಗೊಳ್ಳಿ. ಎರಡು ದಿನದಲ್ಲಿ ಹೋಗುತ್ತೆ, ಗ್ಯಾರಂಟಿ.

ಸ್ಟೆತಸ್ಕೋಪ್_ಹುಬ್ಬಳ್ಳಿ

ಗ್ಯಾರಂಟಿ ಇಲ್ರಿ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ 2020ರ ಕಾಕ್ರೇನ್ ವಿಮರ್ಶೆಯಲ್ಲಿ ವಯಸ್ಸಾದವರ ಕಾಲು ಸೆಳೆತಕ್ಕೆ ಮೆಗ್ನೀಸಿಯಂನಿಂದ ಹೇಳಿಕೊಳ್ಳುವಂಥ ಉಪಯೋಗ ಕಂಡಿಲ್ಲ. ಜಾಸ್ತಿ ನುಂಗಿದರೆ ಭೇದಿ ಆಗಿ, ಇದ್ದ ನೀರೂ ಹೋಗ್ತದ. ಸೆಳೆತಕ್ಕೆ ಸ್ನಾಯು ದಣಿದದ್ದೂ ಕಾರಣ ಇರಬಹುದು, ಬರೀ ಉಪ್ಪಿನ ಕೊರತೆ ಅಲ್ಲ. ಮಲಗೋ ಮುಂದ ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೆದು ನಿಲ್ರಿ. ಹೊಸಬರ ಮೈ ಬಿಸಿಗೆ ಒಗ್ಗಿಕೊಳ್ಳೋಕೆ ಒಂದೆರಡು ವಾರ ಸತತವಾಗಿ ಬಿಸಿಯಲ್ಲಿ ಮಾಡಬೇಕು. ಒಗ್ಗಿದ ಮೇಲೆ ಬೆವರು ಬೇಗ ಬರುತ್ತದೆ, ಅದರಲ್ಲಿನ ಉಪ್ಪು ಕಮ್ಮಿ ಆಗುತ್ತದೆ. ನಡುವೆ ದಿನ ಬಿಟ್ಟು ಬಿಟ್ಟು ಹೋದರೆ ಒಗ್ಗೋದು ನಿಧಾನ.

ಮಲ್ಲಿಗೆ_ಮೊಗ್ಗು

ಎರಡು ವಾರ ಆದ ಮೇಲೆ ಬರೀತಿದ್ದೀನಿ. ತೂಕ ನೋಡಿದೆ. ಮುಂಚೆ 61.4, ಮುಗಿದ ಮೇಲೆ 60.7. ಮಧ್ಯೆ ಕುಡಿದದ್ದು 200 ಮಿಲಿ. ಅಂದರೆ 900 ಮಿಲಿ ಬೆವರು. ಇದಕ್ಕೆ ನಾನು ಮೂರು ಲೀಟರ್ ಸುರೀತಿದ್ದೆ! ಕಪ್ಪು ಟೀಶರ್ಟಿನ ಬೆನ್ನಲ್ಲಿ ಬಿಳಿ ಗೆರೆ ಚೆನ್ನಾಗೇ ಕಾಣಿಸ್ತು.

ಈಗ ಐದೂಮುಕ್ಕಾಲಿಗೆ ಅರ್ಧ ಲೋಟ ಕಾಫಿ, ಒಂದು ಏಲಕ್ಕಿ ಬಾಳೆಹಣ್ಣು, ಒಂದು ಲೋಟ ನೀರು. ಕ್ಲಾಸ್ ಮುಗಿಸಿ ಗಾಡಿಯಲ್ಲೇ ಬಾಟಲಿಯಿಂದ ನೀರುಮಜ್ಜಿಗೆ, ಎಂಟೂವರೆಗೆ ತಿಂಡಿ. ಅವಲಕ್ಕಿ ಇಲ್ಲವೇ ಇಡ್ಲಿ, ಜೊತೆಗೆ ಹೆಸರುಕಾಳು ಉಸಲಿ. ನನ್ನ ತಟ್ಟೆಗೆ ಮಾತ್ರ ಮೇಲಿಂದ ಉಪ್ಪು, ಅಮ್ಮನ ಅಡುಗೆ ಹಾಗೇ ಇದೆ. ತಲೆನೋವು ಪೂರ್ತಿ ಹೋಯ್ತು. ಕಾಫಿನೋ ಉಪ್ಪೋ ಗೊತ್ತಾಗಲಿಲ್ಲ, ಎರಡೂ ಒಟ್ಟಿಗೆ ಬದಲಾಯಿಸಿಬಿಟ್ಟೆ. ಮೀನಖಂಡ ಇನ್ನೂ ಆಗೀಗ ಹಿಡೀತದೆ.

ಟ್ರೇನರ್‌ಗೆ ಹೇಳಿದರೆ "ನಿಮ್ಮ ಟಾಕ್ಸಿನ್ ಖಾಲಿ ಆಗಿದೆ ಮೇಡಂ" ಅಂದ್ರು.

ವೀಣಾ_ಸಾಗರ

ಒಂದು ದಿನ ಕಾಫಿ ಬಿಟ್ಟು, ಉಪ್ಪು ಹಾಗೇ ಇಟ್ಟು ನೋಡಿ. ಗೊತ್ತಾಗುತ್ತೆ.

ಮಲ್ಲಿಗೆ_ಮೊಗ್ಗು

ಕಾಫಿ ಬಿಡೋದಾ? ಬೇಡಕ್ಕ, ಗೊತ್ತಾಗದಿದ್ರೂ ಪರವಾಗಿಲ್ಲ 😂

ದೇರಾ_ದುಬೈ

ನಾನು ಭಟ್ಕಳದವಳು, ದುಬೈನಲ್ಲಿದ್ದೀನಿ. ರಂಜಾನ್‌ನಲ್ಲಿ ಹಗಲು ಕ್ಲಾಸ್ ಪೂರ್ತಿ ನಿಲ್ಲಿಸ್ತೀನಿ. ಇಫ್ತಾರ್‌ಗೆ ಖರ್ಜೂರ, ನೀರು, ಸೂಪ್. ಎರಡು ಗಂಟೆ ಬಿಟ್ಟು ರಾತ್ರಿ ಕ್ಲಾಸ್, ಅದೂ ಮಾಮೂಲಿ ಯೋಗ, ಬಿಸಿ ಇಲ್ಲ. ಅದಾದ ಮೇಲೆ ಊಟ, ಸಹರಿ ತನಕ ಆಗಾಗ ನೀರು. ಕರಿದದ್ದು ತಿಂದು ಕ್ಲಾಸಿಗೆ ಹೋದರೆ ಅಧೋಮುಖ ಶ್ವಾನಾಸನದಲ್ಲಿ ಸಮೋಸಾ ಗಂಟಲಿಗೆ ಬರುತ್ತೆ, ಹೇಳ್ತಿದ್ದೀನಿ.

ಬನಶಂಕರಿ_ಬಾಬು

ಇದು ಕೇಳಬೇಕು ಅಂತಿದ್ದೆ. ನಮ್ಮ ಮನೆಯವರು ಏಕಾದಶಿ ನಿರ್ಜಲ ಮಾಡ್ತಾರೆ, ಹಾಟ್ ಯೋಗಕ್ಕೂ ಸೇರಬೇಕಂತೆ. ಏಕಾದಶಿ ದಿನ ಹೋಗಬಹುದಾ?

ಸ್ಟೆತಸ್ಕೋಪ್_ಹುಬ್ಬಳ್ಳಿ

ನೀರಿಲ್ಲದ ದಿನ ಬ್ಯಾಡ್ರಿ. ಮರುದಿನ ಬೆಳಿಗ್ಗೇನೂ ಬ್ಯಾಡ, ಮೈಯಲ್ಲಿ ನೀರು ಕಮ್ಮಿ ಇರೋವಾಗಲೇ ಬಿಸಿ ರೂಮಿಗೆ ಹೋದಂಗ ಆಗ್ತದ.

ಸುಬ್ಬಣ್ಣ_ಮಾವ

ದ್ವಾದಶಿ ಪಾರಣೆ ಬೆಳಿಗ್ಗೆ ಬೇಗ ಆಗುತ್ತದೆ ಬಾಬು. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ, ಅನ್ನ, ಸಾರು ಹೊಟ್ಟೆ ತುಂಬ ಊಟ ಮಾಡಿ, ಮಧ್ಯಾಹ್ನ ಚೆನ್ನಾಗಿ ನೀರು ಕುಡಿದು, ಬೇಕೇ ಬೇಕು ಅಂದರೆ ಸಂಜೆ ಬ್ಯಾಚಿಗೆ ಹೋಗಲಿ. ಸಂಜೆ ಬ್ಯಾಚ್ ಇದೆಯೋ ಇಲ್ಲವೋ ಮೊದಲು ಕೇಳಿ.